ಮುಚ್ಚದ ಗುಂಡಿ, ಒಡೆದ ಬೂದುಗುಂಬಳ

"ನಿಲ್ಸು! ಬೈಕು ಅಲ್ಲೇ ಇರ್ಲಿ, ಮ್ಯಾಲೆತ್ತಬ್ಯಾಡ!"

ಸಬ್ ಇನ್‌ಸ್ಪೆಕ್ಟರ್ ಶೋಭಾರಾಣಿ ಕೂಗಿದ ರಭಸಕ್ಕೆ ಜೆಸಿಬಿ ಡ್ರೈವರ್ ಕರಿಯಣ್ಣ ಗಾಬರಿಬಿದ್ದು ಕೈ ತೆಗೆದ. ಸರಪಳಿಗೆ ಜೋತುಬಿದ್ದ ಬೈಕು ಗುಂಡಿಯ ಮೇಲೆ ತೂಗಾಡಿತು. ಅದರ ಮೈಯಿಂದ ಕೆಂಪು ಕೆಸರು ದಪದಪನೆ ಉದುರಿತು.

ಅವಳು ಪ್ಯಾಂಟಿನ ಕಾಲು ಮಡಚಿಕೊಂಡು ಗುಂಡಿಗೆ ಇಳಿದಳು. ಕೆಸರು ಮೊಣಕಾಲು ಮುಟ್ಟಿತು. ಗುಟ್ಕಾ ಚೀಟಿ, ಸತ್ತ ಕಪ್ಪೆ, ಕೊಳೆತ ಚೆಂಡುಹೂವು, ಇದೆಲ್ಲದರ ಮೇಲೆ ಡೀಸೆಲ್ಲಿನ ಬಣ್ಣಬಣ್ಣದ ಪೊರೆ. ಒಬ್ಬ ಮನುಷ್ಯ ಸತ್ತು ವಾರವಾದರೂ ಆ ಜಾಗಕ್ಕೆ ಒಂದು ಬುಟ್ಟಿ ಮಣ್ಣು ಬಿದ್ದಿರಲಿಲ್ಲ.

ಸತ್ತವನು ಬಸವೇಶ, ಈ ಹೊಸದುರ್ಗ–ಹೊಳಲ್ಕೆರೆ ರಸ್ತೆ ಅಗಲ ಮಾಡುವ ಯೋಜನೆಯ ಎಂಜಿನಿಯರ್. ಭರಮಸಾಗರದ ಕಡೆಯ ಹುಡುಗ. ಬೈಕಿನ ಸಮೇತ ಗುಂಡಿಗೆ ಬಿದ್ದು ಸತ್ತ ಎಂದು ಎಲ್ಲರೂ ಹೇಳಿದ್ದರು. ತಲೆಗೆ ಪೆಟ್ಟು ಬಿದ್ದದ್ದು ಬೀಳುವ ಮೊದಲೇ ಎಂದು ಡಾಕ್ಟರು ಹೇಳಿದ ಮೇಲೆ, ಅದೇ ಎಲ್ಲರೂ ಕಾವಲುಗಾರ ಮುದ್ದಪ್ಪನ ಕಡೆ ಬೆರಳು ತೋರಿಸಿದ್ದರು.

ಹೆಣವನ್ನು ಊರವರು ಎತ್ತಿದ್ದರು. ಕೆಸರಿನಲ್ಲಿ ಹೂತುಹೋದ ಬೈಕನ್ನು ಎತ್ತಲು ಯಂತ್ರವೇ ಬೇಕಾಗಿತ್ತು, ಯಂತ್ರ ಕಂಟ್ರಾಕ್ಟರ್ ಪರಮೇಶ್ವರಪ್ಪನದು. "ಮುಂದುವರಿಕೆ ಬರ್ಲಿ ಮೇಡಂ, ಆಮ್ಯಾಲೆ ನೋಡಾಣ" ಎಂದು ಅವನು ವಾರವೆಲ್ಲ ಸತಾಯಿಸಿದ. ನಿನ್ನೆ ಬೆಂಗಳೂರಿನಿಂದ ಯೋಜನೆಗೆ ಮತ್ತೆ ಮೂರು ತಿಂಗಳ ಮುಂದುವರಿಕೆ ಬಂತು. ಇವತ್ತು ಬೆಳಗ್ಗೆ ಗುದ್ದಲಿ ಪೂಜೆ ಆಯಿತು, ಯಂತ್ರ ಗುರುಗುಟ್ಟಿತು.

ಒಂದೇ ರಸ್ತೆಗೆ ಪ್ರತಿ ಮುಂದುವರಿಕೆಗೂ ಒಂದೊಂದು ಗುದ್ದಲಿ ಪೂಜೆ. ಅದೇ ಪೂಜಾರಿ, ಅದೇ ಗುದ್ದಲಿ, ಅದೇ ಗುಂಡಿಯ ದಡ. ಭೂಮಿತಾಯಿಗೂ ಈ ಜನರ ಮುಖ ನೋಡಿ ನೋಡಿ ಸಾಕಾಗಿರಬೇಕು.

ಬೈಕು ಮಲಗಿದ್ದ ಜಾಗದಲ್ಲಿ ಬಿಳಿಯದೇನೋ ಕಂಡಿತ್ತು. ಶೋಭಾರಾಣಿ ಕೈಹಾಕಿ ಕೆಸರಿನಿಂದ ಅದನ್ನು ಬಿಡಿಸಿದಳು. ಬೂದುಗುಂಬಳದ ದೊಡ್ಡ ಚೂರು. ಹೊರಗೆ ಬೂದಿ ಬಳಿದಂಥ ಸಿಪ್ಪೆ, ಒಳಗೆ ತಿರುಳಿಗೆ ಹತ್ತಿಕೊಂಡ ಕುಂಕುಮ. ಪಕ್ಕದಲ್ಲೇ ಚಪ್ಪಟೆಯಾದ ಎರಡು ನಿಂಬೆಹಣ್ಣು.

ದಡದ ಮೇಲಿಂದ ಹೆಡ್ ಕಾನ್‌ಸ್ಟೇಬಲ್ ಕಾಟಯ್ಯ ಬಗ್ಗಿ ನೋಡಿದ. "ಪೂಜೆದಿರ್ಬೇಕು ಬಿಡ್ರಿ ಮೇಡಂ. ಕೈಯಾಗೆ ಯಾಕೆ ಹಿಡ್ಕಂಡೀರಿ ಅಂಥದ್ನ? ಬಿಸಾಕ್ರಿ."

"ಗುದ್ದಲಿ ಪೂಜೆಗೆ ತೆಂಗಿನಕಾಯಿ ಒಡೀತಾರೆ ಕಾಟಯ್ಯ. ಬೆಳಗ್ಗೆ ನಿಮ್ಮ ಕಣ್ಣೆದುರಿಗೇ ಒಡೆದ್ರಲ್ಲ."

"ಒಬ್ಬೊಬ್ರದು ಒಂದೊಂದು ಪದ್ಧತಿ ಇರ್ತೈತೆ."

"ಇರ್ತೈತೆ. ಇದು ಯಾವ ಪದ್ಧತಿ ಅಂತಾನೂ ನಂಗೆ ಗೊತ್ತೈತೆ."

ಶೋಭಾರಾಣಿಯ ಅಪ್ಪ ಹಿರಿಯೂರಿನಲ್ಲಿ ಲಾರಿ ಡ್ರೈವರ್ ಆಗಿದ್ದವನು. ಒಮ್ಮೆ ಐಮಂಗಲದ ಬಳಿ ಚಕ್ರಕ್ಕೆ ಕರುವೊಂದು ಸಿಕ್ಕಾಗ ಅವನು ಇಂಜಿನ್ ಆರಿಸಿ ಹೈವೇ ಪಕ್ಕದಲ್ಲಿ ಕೂತುಬಿಟ್ಟಿದ್ದ. ಮಾಲೀಕ ಬೈದರೂ ಏಳಲಿಲ್ಲ. ಯಾರದೋ ಹಿತ್ತಲಿನಿಂದ ಬೂದುಗುಂಬಳ ತಂದು, ಕುಂಕುಮ ತುಂಬಿ ಒಡೆದು, ಗಾಲಿಗೆ ನಿಂಬೆಹಣ್ಣು ಕೊಟ್ಟ ಮೇಲೆಯೇ ಕೀಲಿ ತಿರುಗಿಸಿದ್ದು. ಗಾಡಿ ರಕ್ತ ಕಂಡರೆ ಹಾಗೆಯೇ, ಡ್ರೈವರುಗಳ ಪೈಕಿ ಯಾರೂ ಅದನ್ನು ಮೀರುವುದಿಲ್ಲ.

ಅಂದರೆ ಇಲ್ಲಿ ಒಂದು ಯಂತ್ರ ರಕ್ತ ಕಂಡಿದೆ. ಕಾಯಿ ಒಡೆದದ್ದು ಮೊದಲು, ಬೈಕು ಬಿದ್ದದ್ದು ಅದರ ಮೇಲೆ. ಬಸವೇಶ ಗುಂಡಿಗೆ ಬಿದ್ದು ಸಾಯಲಿಲ್ಲ, ಸಾಯುವವನನ್ನೋ ಸತ್ತವನನ್ನೋ ತಂದು ಗುಂಡಿಗೆ ಹಾಕಿದ್ದಾರೆ. ಅದಕ್ಕೂ ಮುಂಚೆ ಶಾಸ್ತ್ರ ಮುಗಿಸಿದ್ದಾರೆ!

"ಮೇಡಂ, ಮುದ್ದಪ್ಪಂಗೆ ಊಟದ ಹೊತ್ತಾತು," ಎಂದ ಕಾಟಯ್ಯ. "ಸಂಜೆ ಬ್ಯಾರೆ ಹೊಳಲ್ಕೆರೆ ಕೋರ್ಟಿಗೆ ಕರ್ಕಂಡು ಹೋಗ್ಬೇಕು. ಸ್ಟೇಷನ್ನಾಗೆ ಸೆಂಟ್ರಿ ಒಬ್ನೇ ಅವ್ನೆ. ಜೀಪು ತಗಂಡು ಹೋಗಿ ಬರ್ಲಾ?"

ಕುಂಬಳದ ಚೂರಿನಲ್ಲೇ ಮನಸ್ಸು ಇಟ್ಟಿದ್ದ ಶೋಭಾರಾಣಿ ಹೋಗಿ ಎಂಬಂತೆ ಕೈ ಬೀಸಿದಳು. ಜೀಪು ಧೂಳೆಬ್ಬಿಸಿಕೊಂಡು, ಸ್ಟೇಷನ್ ಇದ್ದ ಸಾಲುಹುಣಸೆಯ ಕಡೆ ಹೋಯಿತು.

ಮುದ್ದಪ್ಪ. ಗುಂಡಿಯ ಮುಂದೆ ಕೆಂಪು ಲಾಟೀನು ಹಚ್ಚಿಡುವ ಮುದುಕ. ಹೆಣ ಎತ್ತುವಾಗ ಅವನ ಪಂಚೆಗೆ ರಕ್ತ ಹತ್ತಿತ್ತು, ಹಿಂದಿನ ದಿನ ಲಾಟೀನಿನ ವಿಷಯಕ್ಕೆ ಎಂಜಿನಿಯರ್ ಅವನನ್ನು ಗದರಿದ್ದೂ ನಿಜ. ಇಷ್ಟೇ ಸಾಕ್ಷಿ. ಕೋರ್ಟು ಪೊಲೀಸ್ ವಶಕ್ಕೆ ಕೊಟ್ಟ ಗಡುವು ಒಮ್ಮೆ ಮುಗಿದಿತ್ತು, ಅವಳೇ ಹೋಗಿ ಇನ್ನಷ್ಟು ದಿನ ಕೇಳಿ ತಂದಿದ್ದಳು. ಅದೂ ಇವತ್ತು ಸಂಜೆಗೆ ಮುಗಿಯುತ್ತದೆ. ಬೇರೆ ಯಾರನ್ನೂ ತೋರಿಸದಿದ್ದರೆ ಮುದ್ದಪ್ಪ ಕೊಲೆಗಾರನೆಂದು ಜೈಲಿಗೆ ಹೋಗುತ್ತಾನೆ.

ಅವನೋ ಬಾಯಿ ಬಿಡುತ್ತಿರಲಿಲ್ಲ. ವಾರದಲ್ಲಿ ಒಂದೇ ಒಂದು ಮಾತು ಆಡಿದ್ದ. ಲಾಕಪ್ಪಿನ ಕಿಟಕಿ ತೋರಿಸಿ, "ಅದನ್ನ ಮುಚ್ಚಿಸ್ರಮ್ಮ, ನೋಡಾಕಾಗಲ್ಲ" ಎಂದಿದ್ದ. ಹೊರಗೆ ನೋಡಿದರೆ ಕಾಂಪೌಂಡು ಗೋಡೆ, ಬಿಸಿಲು, ಒಂದಿಷ್ಟು ಹಸಿರು. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಳು. ಅವನ ಹೆಂಡತಿ ಕೆಂಚಕ್ಕ ದಿನವೂ ಮುದ್ದೆ ಕಟ್ಟಿಕೊಂಡು ಬಂದು ಸ್ಟೇಷನ್ ಜಗಲಿಯಲ್ಲಿ ಕೂರುತ್ತಿದ್ದಳು. "ನಿಮ್ಮ ಮನುಷ್ಯ ತಪ್ಪು ಮಾಡಿಲ್ಲ ಅಂದ್ರೆ ನಾನೇ ಮನೆಗೆ ಕಳಿಸ್ತೀನಿ" ಎಂದು ಶೋಭಾರಾಣಿ ಅವಳಿಗೆ ಮಾತು ಕೊಟ್ಟಿದ್ದಳು.

ಚೂರನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಕಂಟ್ರಾಕ್ಟರನ ತಗಡಿನ ಶೆಡ್ಡಿನ ಕಡೆ ನಡೆದಳು. ಕೆಲಸಗಾರರು ಅದನ್ನು ನೋಡಿದ್ದೇ ದೂರ ಸರಿದು ದಾರಿ ಬಿಟ್ಟರು.

ಪರಮೇಶ್ವರಪ್ಪ ಮಂಡಕ್ಕಿಯ ತಟ್ಟೆ ಮುಂದಿಟ್ಟುಕೊಂಡು ಮೆಣಸಿನಕಾಯಿ ಬಜ್ಜಿ ಕಡಿಯುತ್ತಿದ್ದ. ಹೊಳಪಿನ ಬಿಳಿ ಅಂಗಿ, ತುಟಿಯ ಅಂಚಿನಲ್ಲಿ ಎಣ್ಣೆ.

"ಬರ್ರಿ ಮೇಡಂ, ಕುಂತ್ಕಳ್ರಿ. ಬಿಸಿ ಐತೆ, ತಗಳ್ರಿ."

"ಆವತ್ತು ಸಂಜೆ ಬಸವೇಶ ಇಲ್ಲಿ ಯಾಕೆ ಬಂದಿದ್ದ?"

"ಎಂಜಿನಿಯರ್ ಸಾಹೇಬ್ರು. ಬರ್ತಾರೆ, ಹೋಗ್ತಾರೆ. ನಾವು ಕೇಳಾಕಾಗ್ತೈತಾ?"

"ಗುಂಡಿ ಪಕ್ಕ ಗರಸು ಮಣ್ಣಿನ ಗುಡ್ಡೆ ಬಿದ್ದೈತೆ. ನಿಮ್ಮ ಟಿಪ್ಪರು ತಂದದ್ದಲ್ಲ, ಊರಿನೋರ ಟ್ರಾಕ್ಟರು ತಂದದ್ದು. ಬಸವೇಶ ಕೇಳ್ಕಂಡ ಅಂತ ತಂದು ಸುರಿದ್ರು. ಅವ್ನು ಗುಂಡಿ ಮುಚ್ಚೋಕೆ ಬಂದಿದ್ದ."

ಪರಮೇಶ್ವರಪ್ಪ ನಕ್ಕ. ಸಿಕ್ಕಿಬಿದ್ದವನ ನಗು ಅಲ್ಲ ಅದು, ಚಿಕ್ಕ ಮಕ್ಕಳ ತಪ್ಪಿಗೆ ದೊಡ್ಡವರು ನಗುವ ನಗು.

"ಹುಡುಗುಬುದ್ಧಿ ಮೇಡಂ. ಮುಂದುವರಿಕೆ ಮುಗಿಯೋ ದಿನವೇ ಬಂದು, ಗುಂಡಿ ಮುಚ್ತೀನಿ, ರಸ್ತೆ ಮುಗೀತು ಅಂತ ವರದಿ ಬರೀತೀನಿ ಅಂದ. ರಸ್ತೆ ಮುಗಿದ್ರೆ ಮುಂದುವರಿಕೆ ಎಲ್ಲಿಂದ ಬರ್ತೈತೆ? ಅರೆಬರೆ ಇದ್ರೆ ತಾನೇ ಸರ್ಕಾರ ಇನ್ನೂ ಮೂರು ತಿಂಗ್ಳು ಕೊಡೋದು?"

"ಅದಕ್ಕೇ ಅಗೆದು ಬಿಡ್ತೀರಿ."

"ನಾನೇನು ಮಾಡ್ಲಿ? ಯೋಜನೆ ಅವಧಿ ಮುಗಿದು ಎಷ್ಟು ಕಾಲ ಆತು! ಪೂರ್ತಿ ಕೊಡ್ರಿ ಅಂದ್ರೆ ಕೊಡಲ್ಲ, ನಿಲ್ಸ್ರಿ ಅಂದ್ರೆ ನಿಲ್ಸಲ್ಲ. ಬೊಗಸೆ ಬೊಗಸೆ ನೀರು ಹಾಕಿದ್ರೆ ತೋಟ ಆಗ್ತೈತಾ? ಗಿಡ ಸಾಯ್ದಂಗೆ ನೋಡ್ಕಂತೀನಿ, ಅಷ್ಟೇ. ಈ ಗುಂಡಿಯಿಂದ ಎಷ್ಟು ಮನೆ ಒಲೆ ಉರೀತಾವೆ ಗೊತ್ತಾ? ಡೈವರ್ಷನ್ನಾಗಿರೋ ಟೀ ಅಂಗ್ಡಿ, ಪಂಕ್ಚರ್ ಅಂಗ್ಡಿ, ಬಾಡಿಗೆ ಯಂತ್ರದೋರು, ಕಾವಲು ಕಾಯೋ ಮುದ್ದಪ್ಪ. ಎಲ್ರೂ ಗುಂಡಿ ಅನ್ನ ಉಣ್ಣೋರೇ. ಹೋಗ್ಲಿ, ತಿಂಗಳ ಕೊನೇಲಿ ನಿಮ್ ಜೀಪಿಗೆ ಡೀಸೆಲ್ ಎಲ್ಲಿಂದ ಬರ್ತೈತೆ ಅಂದ್ಕಂಡೀರಿ?"

ಶೋಭಾರಾಣಿಗೆ ಬಾಯಿ ಕಹಿಯಾಯಿತು. ಇಲಾಖೆಯ ಡೀಸೆಲ್ ತಿಂಗಳ ನಡುವೆಯೇ ಮುಗಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಜೀಪು ಓಡುತ್ತಿತ್ತು. ಹೇಗೆ ಎಂದು ಅವಳು ಕೇಳಿರಲಿಲ್ಲ. ಇವನ ಎಣ್ಣೆಯಲ್ಲಿ ಓಡುವ ಜೀಪಿನಲ್ಲಿ ಕೂತು ಇವನ ಗುಂಡಿಯ ತನಿಖೆಗೆ ಬಂದಿದ್ದಳು. ಥೂ ಎನ್ನಿಸಿತು, ಅವನ ಮೇಲೂ ತನ್ನ ಮೇಲೂ.

ಅವಳು ಹೊರಗೆ ಬಂದು ಜೆಸಿಬಿಯ ಮೆಟ್ಟಿಲ ಮೇಲೆ ಕುಂಬಳದ ಚೂರನ್ನು ಇಟ್ಟಳು. ಸೀಟಿನಲ್ಲಿದ್ದ ಕರಿಯಣ್ಣ ಕಾಲು ಮೇಲೆ ಎಳೆದುಕೊಂಡ.

"ಏನಪ್ಪ ಕರಿಯಣ್ಣ, ಇಳಿ. ಇದನ್ನ ಕೈಯಾಗೆ ತಗೊಂಡು ಆ ಕಡೆ ಬಿಸಾಕು. ಆಮೇಲೆ ಇಂಜಿನ್ ಶುರು ಮಾಡು."

"ಬ್ಯಾಡ್ರಿ ಮೇಡಂ."

"ಯಾಕೆ? ಕುಂಬಳಕಾಯಿ ಅಲ್ವಾ? ಹುಳಿ ಮಾಡ್ಕಂಡು ತಿಂತಾರೆ."

"ಒಡೆದಿದ್ನ ಮುಟ್ಬಾರ್ದು. ಮುಟ್ಟಿದ್ರೆ ಅದ್ರಾಗಿಂದು ತಿರುಗಿ ಬರ್ತೈತೆ." ಅವನು ಕೈಮುಗಿದ. "ಅದನ್ನ ತಗೀರಿ ಮೇಡಂ. ನಿಮ್ ಕಾಲಿಗೆ ಬೀಳ್ತೀನಿ, ತಗೀರಿ."

"ಅದ್ರಾಗೆ ಏನೈತೆ, ಹೇಳು. ತಗೀತೀನಿ."

ಶೆಡ್ಡಿನ ಬಾಗಿಲಿಗೆ ಬಂದ ಪರಮೇಶ್ವರಪ್ಪ ಗದರಿದ. "ಲೇ ಕರಿಯಾ, ಬಾಯಿ ಮುಚ್ಕಂಡಿರು!"

ಧಣಿಯ ಭಯ ದೊಡ್ಡದೋ ಕುಂಬಳದ ಭಯ ದೊಡ್ಡದೋ ಎಂಬುದು ಒಂದು ಗಳಿಗೆಯಲ್ಲಿ ತೀರ್ಮಾನವಾಯಿತು. ಕರಿಯಣ್ಣ ಆ ಕಡೆಯಿಂದ ಕೆಳಗೆ ಧುಮುಕಿ, ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅಳತೊಡಗಿದ.

"ಎಂಜಿನಿಯರ್ ಸಾಹೇಬ್ರು ಯಂತ್ರದ ಬಕೆಟ್ ಮುಂದೆ ಬಂದು ನಿಂತ್ರು ಮೇಡಂ. ಗುಂಡಿ ಮುಚ್ಚೋವರ್ಗೂ ಯಂತ್ರ ತಗಂಡು ಹೋಗಾಕೆ ಬಿಡಲ್ಲ ಅಂದ್ರು. ಧಣಿ ಹೆದರ್ಸಲೇ ಅಂದ್ರು. ಹೆದರ್ಸಾಣ ಅಂತ ಬಕೆಟ್ ಎತ್ತಿದೆ. ತಿರುಗಿಬಿಡ್ತು. ತಲೆಗೆ ಬಡೀತು."

"ಆಮೇಲೆ?"

"ಬೈಕೂ ಅವ್ರನ್ನೂ ಗುಂಡಿಗೆ ಹಾಕಲೇ ಅಂದ್ರು. ನಾನು ಆಗಲ್ಲ ಅಂದೆ. ಗಾಡಿ ರಕ್ತ ಕಂಡೈತೆ, ಕಾಯಿ ಒಡೀದೆ ಕೀಲಿ ಮುಟ್ಟಲ್ಲ, ಕಡಿದು ಹಾಕಿದ್ರೂ ಮುಟ್ಟಲ್ಲ ಅಂದೆ. ಕಾಯಿ ತರಿಸಿದ್ರು. ಗುಂಡಿಯಾಗೆ ಒಡೆದು ಆಮ್ಯಾಲೆ..."

ಶೋಭಾರಾಣಿಗೆ ಒಂದು ಪ್ರಶ್ನೆ ಕೇಳಬೇಕಿತ್ತು. ಕೇಳಲು ಹೇಸಿಗೆಯಾಯಿತು. ಆದರೂ ಕೇಳಿದಳು.

"ಕಾಯಿ ಬರೋವರ್ಗೆ ಕಾದ್ರಲ್ಲ. ಬಸವೇಶ ಆಗ ಸತ್ತಿದ್ನಾ?"

"ಉಸ್ರು ಇತ್ತು ಮೇಡಂ. ನೀರು ಕೇಳಿದ್ರು. ಮುದ್ದಪ್ಪಜ್ಜ ತರಾಕೆ ಹೋದ್ರೆ ಧಣಿ ಒದ್ದು ಕೂರ್ಸಿದ್ರು. ಕಾಯಿ ಬರೋ ಹೊತ್ತಿಗೂ ಇತ್ತು."

ಕೆಲಸಗಾರರು ಸುತ್ತ ನಿಂತು ಕೇಳುತ್ತಿದ್ದರು. ಅವರಲ್ಲಿ ಎಷ್ಟು ಜನರಿಗೆ ಇದು ಮೊದಲೇ ಗೊತ್ತಿತ್ತೋ! ಹೊಸದುರ್ಗದ ಆಸ್ಪತ್ರೆ ಅಷ್ಟೇನೂ ದೂರವಿರಲಿಲ್ಲ. ಸಾಯುತ್ತಿದ್ದವನ ಪಕ್ಕದಲ್ಲಿ ಇಷ್ಟು ಜನ ನಿಂತು ಕಾದದ್ದು ಗಾಡಿಗಲ್ಲ, ಡಾಕ್ಟರಿಗಲ್ಲ, ಕುಂಬಳಕಾಯಿಗೆ. ಒಬ್ಬ ಮನುಷ್ಯನನ್ನು ಕೊಲ್ಲಲು ಹೆದರದವರು ಒಂದು ಇಂಜಿನ್ನಿಗೆ ದೋಷ ತಗುಲೀತೆಂದು ಹೆದರಿದರು. ಅವಳು ಪಕ್ಕಕ್ಕೆ ತಿರುಗಿ ಉಗಿದಳು. ಉಗಿದರೂ ಬಾಯೊಳಗಿನ ಕಹಿ ಹೋಗಲಿಲ್ಲ.

"ಆ ಕಾಯಿ ಯಾರು ತಂದ್ರು?"

ಉತ್ತರ ಬಂದದ್ದು ಹಿಂದಿನಿಂದ. ಪರಮೇಶ್ವರಪ್ಪ ಕರವಸ್ತ್ರದಲ್ಲಿ ಬೆರಳಿನ ಎಣ್ಣೆ ಒರೆಸಿಕೊಳ್ಳುತ್ತ ಬಂದ.

"ಅವನ್ನ ಯಾಕೆ ಕೇಳ್ತೀರಿ ಮೇಡಂ? ನಿಮ್ ಸ್ಟೇಷನ್ ಗೋಡೆ ಮ್ಯಾಲೆ ಹಬ್ಬೈತಲ್ಲ, ಆ ಬಳ್ಳೀನ ಕೇಳ್ರಿ. ಸಂಜೆ ಹೊತ್ತು ಸಂತೆನೂ ಇಲ್ಲ, ಅಂಗ್ಡಿನೂ ಇಲ್ಲ. ಹೇಳಿ ಕಳಿಸ್ದೆ, ಕಾಟಯ್ಯ ಪಾಪ ಜೀಪಿನಾಗೇ ತಂದು ಕೊಟ್ಟ. ಈಗ ಬರ್ಕಳ್ರಿ. ನನ್ ಹೆಸ್ರು ಬರ್ಕಳ್ರಿ, ಕೆಳಗೆ ನಿಮ್ ಸ್ಟೇಷನ್ ಹೆಸ್ರೂ ಬರ್ಕಳ್ರಿ. ಬೇಲೀನೇ ಎದ್ದು ಹೊಲ ಮೇಯ್ತು ಅಂತ ಪೇಪರಿನೋರು ಚೆಂದಾಗಿ ಹಾಕ್ತಾರೆ."

ಕಾಟಯ್ಯ ನೆಟ್ಟ ಬಳ್ಳಿ! ಕಾಂಪೌಂಡು ಗೋಡೆಯ ತುಂಬ ಹಬ್ಬಿ, ಬೂದಿ ಮೆತ್ತಿದ ಕಾಯಿಗಳನ್ನು ತೂಗಿಬಿಟ್ಟ ಬಳ್ಳಿ. ಹೋದ ತಿಂಗಳು ಅವಳ ಮನೆಗೂ ಒಂದು ಕಾಯಿ ಬಂದಿತ್ತು, ಮಜ್ಜಿಗೆಹುಳಿ ಮಾಡಿದ್ದಳು. ಆ ಬಳ್ಳಿ ಕಾಣುವುದು ಲಾಕಪ್ಪಿನ ಕಿಟಕಿಯಿಂದ.

"ಅದನ್ನ ಮುಚ್ಚಿಸ್ರಮ್ಮ, ನೋಡಾಕಾಗಲ್ಲ."

ಮುದುಕನ ತಲೆ ಕೆಟ್ಟಿರಲಿಲ್ಲ. ಅವನು ಎಲ್ಲವನ್ನೂ ನೋಡಿದ್ದ. ಕಾಯಿ ತಂದ ಕೈಯೇ ಹೊತ್ತುಹೊತ್ತಿಗೆ ಊಟದ ತಟ್ಟೆಯನ್ನೂ ಕಂಬಿಯೊಳಗೆ ತಳ್ಳುತ್ತಿದ್ದರೆ ಅವನು ಇನ್ನು ಯಾರ ಮುಂದೆ ಬಾಯಿ ಬಿಡಬೇಕಿತ್ತು?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಮಕ್ಕಳಿಗೂ ಗೊತ್ತು. ಕಾಟಯ್ಯ ಹೆಗಲು ಮುಟ್ಟಿಕೊಳ್ಳಲಿಲ್ಲ. ಚೂರು ಸಿಕ್ಕ ಮರುಗಳಿಗೆಯಲ್ಲಿ ಜೀಪು ಕೇಳಿಕೊಂಡು ಹೋದ. ಕೈ ಬೀಸಿ ಕಳಿಸಿದವಳು ಅವಳೇ.

ಅವಳು ಜೆಸಿಬಿಯ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು. ಕರಿಯಣ್ಣನ ರಟ್ಟೆ ಹಿಡಿದು ಎಬ್ಬಿಸಿದಳು. ಕಂಟ್ರಾಕ್ಟರನ ಕಾರು ಪೂಜಾರಿಯನ್ನು ಬಿಡಲು ಹೋಗಿತ್ತು, ಆ ಬಯಲಿನಲ್ಲಿ ಫೋನು ಸಿಗುತ್ತಿರಲಿಲ್ಲ. ಹೊಳಲ್ಕೆರೆಯಿಂದ ಬರುತ್ತಿದ್ದ ಬಸ್ಸಿಗೆ ಅಡ್ಡ ನಿಂತು ಕೈ ತೋರಿಸಿದಳು.

"ಎಲ್ಲಿಗೂ ಹೋಗಬ್ಯಾಡಿ ಪರಮೇಶ್ವರಪ್ಪ. ತಿರುಗಿ ಬರ್ತೀನಿ."

"ಎಲ್ಲಿಗೆ ಹೋಗ್ಲಿ ಮೇಡಂ? ಮೂರು ತಿಂಗ್ಳು ಇಲ್ಲೇ ಇರ್ತೀನಿ," ಎಂದ ಅವನು.

ಕರಿಯಣ್ಣನನ್ನೂ ಹತ್ತಿಸಿಕೊಂಡು ಬಸ್ಸು ಡೈವರ್ಷನ್ನಿಗೆ ಇಳಿಯಿತು. ಸಾಲುಹುಣಸೆಯವರೆಗೂ ರಸ್ತೆಯ ಒಂದು ಮಗ್ಗುಲು ಅಗೆದು ಹಾಕಿ, ಇನ್ನೊಂದು ಮಗ್ಗುಲನ್ನು ಹಾಗೇ ಹಳ್ಳಬೀಳಲು ಬಿಟ್ಟಿದ್ದರು. ಚಕ್ರ ಒಂದು ಗುಂಡಿಯಿಂದ ಎದ್ದರೆ ಇನ್ನೊಂದಕ್ಕೆ ಕೂರುತ್ತಿತ್ತು. "ಜೋರಾಗಿ ಓಡ್ಸಪ್ಪ" ಎಂದು ಅವಳು ಕೂಗಿದಳು. "ಓಡ್ಸಿದ್ರೆ ಆಕ್ಸಲ್ ಮುರೀತೈತೆ ಮೇಡಂ. ಎರಡು ವರ್ಷದಿಂದ ಹಿಂಗೇ ಅಲ್ವಾ?" ಎಂದ ಡ್ರೈವರ್. ಪ್ರಯಾಣಿಕರು ಯಾರೂ ಗೊಣಗಲಿಲ್ಲ. ಒಗ್ಗಿಹೋಗಿದ್ದರು. ಈ ಒಗ್ಗಿಕೊಂಡದ್ದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯವಾಗಿ ಕಂಡಿತು. ಒಂದೊಂದು ಕುಲುಕಿಗೂ ಅವಳು ಮನಸ್ಸಿನಲ್ಲೇ ಪರಮೇಶ್ವರಪ್ಪನನ್ನೂ ಕಾಟಯ್ಯನನ್ನೂ ತನ್ನನ್ನೂ ಶಪಿಸಿದಳು.

ಸ್ಟೇಷನ್ ಮುಂದೆ ಜೀಪು ಇರಲಿಲ್ಲ.

ಲಾಕಪ್ಪಿನ ಬಾಗಿಲು ತೆರೆದಿತ್ತು. ಬಂದೂಕು ಹಿಡಿದು ನಿಂತಿದ್ದ ಸೆಂಟ್ರಿ ಅವಳನ್ನು ಕಂಡು ಸೆಲ್ಯೂಟ್ ಹೊಡೆದ. "ಜಾಗ ತೋರ್ಸಾಕೆ ಮುದ್ದಪ್ಪನ್ನ ಕರ್ಕಂಡು ಹೋದ್ರು ಮೇಡಂ. ನೀವೇ ಹೇಳಿ ಕಳ್ಸೀರಿ ಅಂದ್ರು."

"ಯಾವ ಕಡೆ?"

"ಶ್ರೀರಾಂಪುರದ ಕಡೆ."

ಬಸವೇಶ ಸತ್ತ ಜಾಗ ಹೊಳಲ್ಕೆರೆಯ ದಿಕ್ಕಿಗೆ. ಕೋರ್ಟೂ ಅದೇ ದಿಕ್ಕಿಗೆ. ಶ್ರೀರಾಂಪುರದ ದಾರಿಯಲ್ಲಿ ಇದ್ದದ್ದು ಪರಮೇಶ್ವರಪ್ಪನೇ ಅಗೆದು ಬಿಟ್ಟ ಬೇರೆ ಗುಂಡಿಗಳು.

ಜಗಲಿಯಲ್ಲಿ ಕೂತಿದ್ದ ಕೆಂಚಕ್ಕ ಎದ್ದು ಬಂದಳು. ಮುದ್ದೆಯ ಗಂಟು ಬಿಚ್ಚದೆ ಹಾಗೇ ಇತ್ತು. ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. ಎರಡೂ ಕೈಗಳಿಂದ ಶೋಭಾರಾಣಿಯ ಕೈ ಹಿಡಿದುಕೊಂಡಳು.

"ನಿಮ್ ಹೊಟ್ಟೆ ತಣ್ಣಗಿರ್ಲಿ ಕಣವ್ವ. ಕೊಟ್ಟ ಮಾತು ನಡೆಸಿದ್ರಿ. ಕಾಟಯ್ಯಣ್ಣ ಎಲ್ಲಾ ಹೇಳಿದ್ರು, ಇವತ್ತೇ ಬಿಡಿಸ್ತಾರಂತೆ. ನಮ್ಮೋರು ಯಾಕೋ ಹೆದರ್ಕಂಡು ಜೀಪು ಹತ್ತಲ್ಲ ಅಂತಿದ್ರು. ನಾನೇ ಬೈದು ಹತ್ತಿಸ್ದೆ."

ಶೋಭಾರಾಣಿ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ದೇವ್ರಂಥ ಮನ್ಷ ಅವ್ವ ಆ ಕಾಟಯ್ಯಣ್ಣ. ನಿನ್ ಗಂಡಂಗೆ ಯಾರ ಕಣ್ಣು ತಾಗೈತೋ, ದಾರಿಯಾಗೆ ದೃಷ್ಟಿ ತೆಗೆದೇ ಕರ್ಕಂಡು ಹೋಗ್ತೀನಿ ಕೆಂಚಕ್ಕ ಅಂದ್ರು."

ಶೋಭಾರಾಣಿ ಕಾಂಪೌಂಡು ಗೋಡೆಯ ಕಡೆ ತಿರುಗಿದಳು. ಬೆಳಗ್ಗೆ ಹೊರಡುವಾಗ ಗೇಟಿನ ಪಕ್ಕದಲ್ಲಿ ತೂಗುತ್ತಿದ್ದ ದೊಡ್ಡ ಕಾಯಿ ಅಲ್ಲಿರಲಿಲ್ಲ. ಕೊಯ್ದ ತೊಟ್ಟಿನಿಂದ ನೀರು ಇನ್ನೂ ಜಿನುಗುತ್ತಿತ್ತು.